ಚತುರಂಗದಲ್ಲಿ ಮನೋದೃಷ್ಟಿಯೂ ಮುಂಗಣನೆಯೂ: ಕಾಗುಣಿತದಿಂದ ಒಂದು ಸಾಧನಕ್ರಮ

ಚತುರಂಗವನ್ನು ಆಡುವವರಲ್ಲಿ ಒಂದು ಮಾತು ರೂಢಿಯಾಗಿರುವುದು. ನುರಿತ ಆಟಗಾರನಿಗೆ ಮುಂದಿನ ಹತ್ತು ನಡೆಗಳು ಕಣ್ಣಿಗೆ ಕಟ್ಟಿದಂತೆ ತೋರುವುವು, ಇತರರಿಗೆ ತೋರವು. ಇದು ಹುಟ್ಟಿನಿಂದ ಬಂದ ವರವೇ ಹೊರತು ಅಭ್ಯಾಸದಿಂದ ಸಾಧ್ಯವಾಗತಕ್ಕುದಲ್ಲ, ಎಂಬುದೇ ಆ ಮಾತು. ನಾನೂ ಬಹುಕಾಲ ಹಾಗೆಯೇ ನಂಬಿದ್ದೆನು. ಈ ನಂಬಿಕೆ ಎಲ್ಲಿ ತಪ್ಪುವುದೆಂಬುದನ್ನೂ, ಅದನ್ನು ಬಿಟ್ಟ ಮೇಲೆ ಯಾವ ಕ್ರಮದಿಂದ ಅಭ್ಯಾಸವನ್ನು ನಡೆಯಿಸಬಹುದೆಂಬುದನ್ನೂ ಪ್ರಕೃತ ಲೇಖನದಲ್ಲಿ ವಿವರಿಸಲು ಯತ್ನಿಸಿರುವೆನು.

ಮೊದಲು ಎರಡು ಶಬ್ದಗಳ ಅರ್ಥವನ್ನು ನಿಶ್ಚಯಿಸಿಕೊಳ್ಳುವುದು ಯುಕ್ತ. ಹಲಗೆಯ ಮೇಲೆ ಇನ್ನೂ ಆಗದಿರುವ ಸ್ಥಿತಿಯನ್ನು ಮನಸ್ಸಿನಲ್ಲಿ ನಿಲ್ಲಿಸಿಕೊಳ್ಳುವ ಶಕ್ತಿಯನ್ನು ಮನೋದೃಷ್ಟಿ ಎನ್ನುವೆನು. ಆ ಸ್ಥಿತಿಯಿಂದ ಹೊರಡುವ ನಡೆಗಳನ್ನೂ ಎದುರಾಳಿಯ ಮಾರುನಡೆಗಳನ್ನೂ ಒಂದೊಂದಾಗಿ ಹಿಂಬಾಲಿಸಿ ಫಲವನ್ನು ತೂಗುವುದನ್ನು ಮುಂಗಣನೆ ಎನ್ನುವೆನು. ಮೊದಲನೆಯದು ಆಧಾರ, ಎರಡನೆಯದು ವ್ಯಾಪಾರ. ಆಧಾರವು ಕದಲಿದರೆ ವ್ಯಾಪಾರವು ಎಷ್ಟು ಸೂಕ್ಷ್ಮವಾಗಿದ್ದರೂ ವ್ಯರ್ಥ. ಕಾಯಿಗಳ ಹೆಸರುಗಳನ್ನು ನಮ್ಮ ಕಡೆಯ ರೂಢಿಯಂತೆ ರಾಜ, ಮಂತ್ರಿ, ಆನೆ, ಒಂಟೆ, ಕುದುರೆ, ಕಾಲಾಳು ಎಂದೇ ಹೇಳಿರುವೆನು. ಆನೆಯೆಂದರೆ ಮೂಲೆಯಲ್ಲಿ ನಿಂತು ನೇರವಾಗಿ ಸಂಚರಿಸುವುದು. ಒಂಟೆಯೆಂದರೆ ಓರೆಯಾಗಿ ಸಂಚರಿಸುವುದು. ಆಟದ ನಿಯಮಗಳು ಇಂದು ಲೋಕವೆಲ್ಲ ಒಪ್ಪಿರತಕ್ಕವು.

ನನ್ನ ವಾಸ ಗೂಗಲ್ಲಿನಲ್ಲಿ. ಈ ಹೆಸರನ್ನು ಕೇಳಿದೊಡನೆ ಈಗಿನವರು ನಗುವರು. ನಾನು ಹೇಳುವುದು ದೇವದುರ್ಗದ ಕಡೆಯ, ಕೃಷ್ಣೆಯ ದಡದ ಗ್ರಾಮವನ್ನು. ಕೇಳಿದ್ದಕ್ಕೆಲ್ಲ ಉತ್ತರ ಕೊಡುವ ಆ ಯಂತ್ರವನ್ನಲ್ಲ. ಬಾಲ್ಯದಲ್ಲಿ ಪಾಠಶಾಲೆಯಲ್ಲಿ ಕಾವ್ಯಾಲಂಕಾರಗಳನ್ನು ಓದುವಾಗ ಗುರುಗಳು ತುರಗಬಂಧವನ್ನು ಕಲಿಸಿದರು. ಚತುರಂಗದ ನಂಟು ನನಗೆ ಹತ್ತಿದುದು ಆ ದಾರಿಯಿಂದ.

ತುರಗಬಂಧದ ಸಂಗತಿಯನ್ನು ಇಲ್ಲಿ ಸ್ವಲ್ಪ ವಿಸ್ತರಿಸಿ ಹೇಳಬೇಕಾಗಿದೆ. ಮೂವತ್ತೆರಡು ಅಕ್ಷರಗಳ ಅನುಷ್ಟುಪ್ ಶ್ಲೋಕವನ್ನು ಎಂಟೆಂಟು ಅಕ್ಷರಗಳ ನಾಲ್ಕು ಸಾಲುಗಳಾಗಿ ಬರೆದರೆ ಚತುರಂಗದ ಹಲಗೆಯ ಅರ್ಧಭಾಗವು ತುಂಬುವುದು. ಕುದುರೆಯನ್ನು ಒಂದು ಮನೆಯಲ್ಲಿಟ್ಟು, ಹೊಕ್ಕ ಮನೆಯನ್ನು ಮತ್ತೆ ಹೊಗದಂತೆ ಮೂವತ್ತೆರಡು ಮನೆಗಳಲ್ಲಿಯೂ ನಡೆಯಿಸಿ ಅಕ್ಷರಗಳನ್ನು ಓದಿದರೆ ಪುನಃ ಶ್ಲೋಕವೇ ಹೊರಡಬೇಕು. ಒಂಬತ್ತನೆಯ ಶತಮಾನದ ರುದ್ರಟನು ತನ್ನ ಕಾವ್ಯಾಲಂಕಾರದಲ್ಲಿ ಇದಕ್ಕೆ ಲಕ್ಷ್ಯವನ್ನು ಕೊಟ್ಟಿರುವನು. ವೇದಾಂತದೇಶಿಕರು (1268–1369) ಪಾದುಕಾಸಹಸ್ರದ ಚಿತ್ರಪದ್ಧತಿಯಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿರುವರು: ಒಂದು ಶ್ಲೋಕವನ್ನು ಕುದುರೆಯ ಗತಿಯಿಂದ ಓದಿದರೆ ಬೇರೊಂದು ಅರ್ಥವುಳ್ಳ ಮುಂದಿನ ಶ್ಲೋಕವೇ ದೊರೆಯುವುದು. ಯುರೋಪಿನಲ್ಲಿ ಗಣಿತಜ್ಞನಾದ ಆಯ್ಲರನು ಈ ಕುದುರೆನಡೆಯನ್ನು ಶಾಸ್ತ್ರೀಯವಾಗಿ ವಿಚಾರಿಸಿದುದು 1759ರಲ್ಲಿ.

ಕನ್ನಡನಾಡಿಗೂ ಇದರಲ್ಲಿ ಪಾಲುಂಟು. ನಮ್ಮ ಕೃಷ್ಣಾ ತುಂಗಭದ್ರೆಗಳ ನಡುನಾಡು ಕಲ್ಯಾಣದ ಚಾಳುಕ್ಯರ ಆಳಿಕೆಗೆ ಒಳಪಟ್ಟಿದ್ದ ಕಾಲದಲ್ಲಿ, ಅಂದರೆ ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ, ಮೂರನೆಯ ಸೋಮೇಶ್ವರನು ಮಾನಸೋಲ್ಲಾಸದ ಕ್ರೀಡಾವಿಂಶತಿಯಲ್ಲಿ ಚತುರಂಗವನ್ನು ವರ್ಣಿಸಿದನು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರಂತೂ (1794–1868) ಈ ವಿಷಯದಲ್ಲಿ ಅದ್ವಿತೀಯರು. ಶ್ರೀತತ್ತ್ವನಿಧಿಯ ಒಂಬತ್ತನೆಯ ನಿಧಿಯಾದ ಕೌತುಕನಿಧಿಯು ಕ್ರೀಡೆಗಳಿಗೇ ಮೀಸಲಾದುದು. ಜಗನ್ಮೋಹನ ಅರಮನೆಯ ರಂಗಮಹಲಿನ ಗೋಡೆಗಳ ಮೇಲೆ ಅವರ ಆಟಗಳ ಮಂಡಲಗಳನ್ನು ಚಿತ್ರಿಸಿರುವುದು. ಅವರ ಹೆಸರಿನಲ್ಲಿ ಪ್ರಸಿದ್ಧವಾಗಿರುವ ಒಂದು ಕುದುರೆನಡೆಯಲ್ಲಿ ಹೆಜ್ಜೆಗಳಿಗೆ 1ರಿಂದ 64ರ ವರೆಗೆ ಅಂಕಗಳನ್ನು ಹಾಕಿದರೆ ಪ್ರತಿಯೊಂದು ಅಡ್ಡಸಾಲಿನ ಮೊತ್ತವೂ ಪ್ರತಿಯೊಂದು ನಿಲುಸಾಲಿನ ಮೊತ್ತವೂ 260 ಆಗುವುದು. ಎರಡು ಕರ್ಣಗಳೂ ಹಾಗೆಯೇ ಕೂಡುವಂತೆ ಮಾಡಲು ಎಂಟೆಂಟರ ಹಲಗೆಯಲ್ಲಿ ಸಾಧ್ಯವೇ ಇಲ್ಲವೆಂಬುದು ಗಣಕಯಂತ್ರದ ಸಹಾಯದಿಂದ 2003ರಲ್ಲಿ ನಿರ್ಣಯವಾಯಿತು. ಅದೇ ಮೈಸೂರಿನ ಎಂ. ಎಸ್. ತೇಜ್‌ಕುಮಾರ್ ಅವರು 2017ರಲ್ಲಿ ಕರ್ನಾಟಕದ ಮೊದಲನೆಯ ಗ್ರ್ಯಾಂಡ್‌ಮಾಸ್ಟರ್ ಎನಿಸಿಕೊಂಡರು.

ಇಷ್ಟೆಲ್ಲ ಓದಿಕೊಂಡಿದ್ದ ನಾನು ತುರಗಬಂಧದ ಶ್ಲೋಕಗಳನ್ನು ಕಣ್ಣುಮುಚ್ಚಿ ಒಪ್ಪಿಸಬಲ್ಲವನಾಗಿದ್ದೆನು. ಆದರೆ ಗುಡಿಯ ಕಟ್ಟೆಯ ಮೇಲೆ ಆಟಕ್ಕೆ ಕುಳಿತರೆ ಮೂರು ನಡೆಗಳಾಚೆಗೆ ನನ್ನ ಬುದ್ಧಿಯು ಓಡುತ್ತಿರಲಿಲ್ಲ. ಓದುಬರೆಹವಿಲ್ಲದ ಕುರಿಗಾಹಿಯೊಬ್ಬನು ನನ್ನನ್ನು ಲೀಲಾಜಾಲವಾಗಿ ಸೋಲಿಸುತ್ತಿದ್ದನು. ಕಂಠಸ್ಥವಾದ ಅರವತ್ತನಾಲ್ಕು ಹೆಜ್ಜೆಗಳು ಆಟದಲ್ಲಿ ಏಕೆ ಉಪಯೋಗಕ್ಕೆ ಬರಲಿಲ್ಲ? ಈ ಪ್ರಶ್ನೆಗೆ ಉತ್ತರ ಹೊಳೆದುದು ನನ್ನಿಂದ ಕಲಿತ ಒಬ್ಬ ಬಾಲಕನ ಸೋಲಿನಿಂದ. ಆ ಕಥೆಗೆ ಮುಂಚೆ ನಾನು ಅವನಿಗೆ ಕಲಿಸಿದ ಸಂಕೇತವನ್ನು ತಿಳಿಸಬೇಕು.

ಬಿಳಿಯ ಕಾಯಿಗಳವನ ಎಡಗೈಯಿಂದ ಆರಂಭಿಸಿ ಎಂಟು ನಿಲುಸಾಲುಗಳಿಗೆ ಕ್ರಮವಾಗಿ ಕ, ಗ, ಚ, ಜ, ತ, ದ, ಪ, ಬ ಎಂಬ ವ್ಯಂಜನಗಳನ್ನಿಟ್ಟೆನು. ಅವನ ಹತ್ತಿರದಿಂದ ಆರಂಭಿಸಿ ಎಂಟು ಅಡ್ಡಸಾಲುಗಳಿಗೆ ಅ, ಆ, ಇ, ಈ, ಉ, ಊ, ಎ, ಏ ಎಂಬ ಸ್ವರಗಳನ್ನಿಟ್ಟೆನು. ವ್ಯಂಜನಕ್ಕೆ ಸ್ವರವು ಕೂಡಿದರೆ ಮನೆಯ ಹೆಸರಾಯಿತು. ಎಡಮೂಲೆಯ ಮನೆ ‘ಕ’. ಅದರ ಮೇಲಿನವು ಕಾ, ಕಿ, ಕೀ, ಕು, ಕೂ, ಕೆ, ಕೇ. ಬಲಮೂಲೆಯದು ‘ಬ’, ಅದರ ನೇರದಲ್ಲಿ ಎದುರಾಳಿಯ ಕಡೆಯ ಮೂಲೆ ‘ಬೇ’. ಕನ್ನಡಶಾಲೆಗೆ ಹೋದ ಯಾವ ಮಗುವಿಗೂ ಇದನ್ನು ಹೊಸದಾಗಿ ಕಲಿಸಬೇಕಾಗಿಲ್ಲ. ಅರವತ್ತನಾಲ್ಕು ಮನೆಗಳೂ ಕಾಗುಣಿತದಲ್ಲಿ ಆಗಲೇ ಇರುವುವು. ಟವರ್ಗವನ್ನು ಬಿಟ್ಟುದು ತವರ್ಗದೊಡನೆ ಕಿವಿಯಲ್ಲಿ ಬೆರೆಯದಿರಲೆಂದು. ಮಹಾಪ್ರಾಣಗಳನ್ನು ಬಿಟ್ಟುದು ನಮ್ಮ ಕಡೆಯ ಮಕ್ಕಳ ನಾಲಗೆಯಲ್ಲಿ ಅವು ಸ್ಥಿರವಾಗಿ ನಿಲ್ಲದಿರುವುದರಿಂದ.

ಇದರಲ್ಲಿ ಒಂದು ಅನುಕೂಲವಿದೆ. ಬೆಸಸಂಖ್ಯೆಯ ನಿಲುಸಾಲುಗಳೆಲ್ಲ ಕ, ಚ, ತ, ಪ ಎಂಬ ಅಘೋಷಗಳು; ಸಮಸಂಖ್ಯೆಯವೆಲ್ಲ ಗ, ಜ, ದ, ಬ ಎಂಬ ಘೋಷಗಳು. ಬೆಸ ಅಡ್ಡಸಾಲುಗಳೆಲ್ಲ ಹ್ರಸ್ವ, ಸಮವಾದುವೆಲ್ಲ ದೀರ್ಘ. ಆದಕಾರಣ ಮನೆಯ ಹೆಸರನ್ನು ಉಚ್ಚರಿಸಿದೊಡನೆಯೇ ಅದರ ಬಣ್ಣವು ತಿಳಿಯುವುದು. ಅಘೋಷಹ್ರಸ್ವವೂ ಘೋಷದೀರ್ಘವೂ ಕರಿಯ ಮನೆಗಳು. ಅಘೋಷದೀರ್ಘವೂ ಘೋಷಹ್ರಸ್ವವೂ ಬಿಳಿಯ ಮನೆಗಳು. ‘ತೀ’ ಯಾವ ಬಣ್ಣ? ಅಘೋಷ, ದೀರ್ಘ; ಬಿಳಿಯದು. ‘ಜೀ’ ಯಾವುದು? ಘೋಷ, ದೀರ್ಘ, ಕರಿಯದು. ಹಲಗೆಯನ್ನು ಕಣ್ಣಿನ ಮುಂದೆ ತಂದುಕೊಳ್ಳುವ ಪ್ರಯಾಸವೇ ಇಲ್ಲ.

ಕಾಯಿಗಳ ಗತಿಯೂ ಹೀಗೆಯೇ ಕಿವಿಗೆ ಬೀಳುವುದು. ಆನೆಯು ನಡೆದರೆ ವ್ಯಂಜನವಾಗಲಿ ಸ್ವರವಾಗಲಿ ಒಂದು ಹಾಗೆಯೇ ಉಳಿಯುವುದು. ಒಂಟೆಯು ಒಂದು ಹೆಜ್ಜೆ ಸರಿದರೆ ಘೋಷತ್ವವೂ ಮಾತ್ರೆಯೂ ಎರಡೂ ಒಟ್ಟಿಗೆ ಬದಲಾಗುವುವು. ಕರಿಯ ಮಹಾಕರ್ಣವನ್ನು ‘ಕ ಗಾ ಚಿ ಜೀ ತು ದೂ ಪೆ ಬೇ’ ಎಂದೂ, ಬಿಳಿಯದನ್ನು ‘ಬ ಪಾ ದಿ ತೀ ಜು ಚೂ ಗೆ ಕೇ’ ಎಂದೂ ಪಠಿಸಬಹುದು. ಕುದುರೆಯದು ಬೇರೆಯೇ ಬಗೆ. ಅದು ಒಂದು ಕಡೆಗೆ ಎರಡು, ಇನ್ನೊಂದು ಕಡೆಗೆ ಒಂದು ಮನೆ ಸರಿಯುವುದರಿಂದ, ಘೋಷತ್ವ ಅಥವಾ ಮಾತ್ರೆ, ಎರಡರಲ್ಲಿ ಒಂದು ಮಾತ್ರವೇ ಬದಲಾಗಬೇಕು. ಎರಡೂ ಬದಲಾದರೆ, ಅಥವಾ ಎರಡೂ ಬದಲಾಗದಿದ್ದರೆ, ಕುದುರೆಯು ದಾರಿ ತಪ್ಪಿತೆಂದು ತಿಳಿಯತಕ್ಕುದು. ‘ಕ’ದಿಂದ ‘ಬೇ’ಗೆ ಆರು ನಡೆಗಳಿಗೆ ಕಡಿಮೆಯಿಲ್ಲದೆ ಹೋಗಲಾಗದು, ಅಂತಹ ಒಂದು ದಾರಿ: ಕ, ಗಿ, ಚು, ಜೆ, ದೇ, ಪೂ, ಬೇ. ವಾಚಕರು ಇದನ್ನು ಹಲಗೆಯಿಲ್ಲದೆ ಬಾಯಿಯಲ್ಲಿ ಹೇಳಿ ಪರೀಕ್ಷಿಸಬಹುದು. ಪಕ್ಕದ ಮನೆಗೆ ಹೋಗಲು ಕುದುರೆಗೆ ಮೂರು ನಡೆ ಬೇಕು, ನೇರವಾಗಿ ಎರಡು ಮನೆಯಾಚೆಗೆ ಎರಡೇ ನಡೆ ಸಾಕು, ಮೂಲೆಯಿಂದ ಕರ್ಣದ ಮೊದಲ ಮನೆಗೆ ಮಾತ್ರ ನಾಲ್ಕು ಬೇಕು ಎಂಬಂತಹ ಸಂಗತಿಗಳೂ ಹೀಗೆ ಕೆಲವು ದಿನಗಳಲ್ಲಿ ನಾಲಗೆಗೆ ಹತ್ತುವುವು.

ಮನೋದೃಷ್ಟಿಯೆಂದರೆ ಚಿತ್ರವನ್ನು ಕಾಣುವುದಲ್ಲವೆ, ಹೆಸರುಗಳ ಪಠನವು ಅದಕ್ಕೆ ಹೇಗೆ ಸಾಧನವಾದೀತು, ಎಂದು ಕೆಲವರು ಶಂಕಿಸಬಹುದು. ಫ್ರಾನ್ಸಿನ ಆಲ್ಫ್ರೆಡ್ ಬಿನೆ ಎಂಬ ಮನಶ್ಶಾಸ್ತ್ರಜ್ಞನು ಹಲಗೆಯನ್ನು ನೋಡದೆ ಆಡುವವರನ್ನು ವಿಚಾರಿಸಿ 1894ರಲ್ಲಿ ಗ್ರಂಥವನ್ನು ಪ್ರಕಟಿಸಿದನು. ಅವರ ಮನಸ್ಸಿನಲ್ಲಿ ಹಲಗೆಯ ಛಾಯಾಚಿತ್ರವೇ ಇರಬೇಕೆಂಬುದು ಅವನ ಮೊದಲಿನ ಊಹೆ. ಆದರೆ ಪ್ರವೀಣರಲ್ಲಿ ಹಲವರು ತಮಗೆ ಕಾಯಿಗಳ ಬಣ್ಣವಾಗಲಿ ಆಕಾರವಾಗಲಿ ತೋರುವುದಿಲ್ಲವೆಂದೂ, ಯಾವುದು ಎಲ್ಲಿದೆ, ಅದರ ಬಲವು ಎತ್ತ ಹರಿಯುವುದು ಎಂಬುದು ಮಾತ್ರ ತಿಳಿದಿರುವುದೆಂದೂ ಹೇಳಿದರು. 1973ರಲ್ಲಿ ಅಮೆರಿಕೆಯ ಚೇಸ್ ಮತ್ತು ಸೈಮನ್ ಎಂಬುವರು ಆಟದ ಮಧ್ಯದ ಸ್ಥಿತಿಯೊಂದನ್ನು ಐದು ಸೆಕೆಂಡುಗಳ ಕಾಲ ತೋರಿಸಿ ಮರೆಮಾಡಿದಾಗ, ನಿಪುಣನು ಇತರರಿಗಿಂತ ಬಹಳ ಹೆಚ್ಚಿನ ಕಾಯಿಗಳನ್ನು ಸರಿಯಾಗಿ ಇಟ್ಟನು. ಅವೇ ಕಾಯಿಗಳನ್ನು ಮನಬಂದಂತೆ ಚೆಲ್ಲಿ ತೋರಿಸಿದಾಗ ಅವನ ಮೇಲ್ಮೆಯು ಬಹುಮಟ್ಟಿಗೆ ಅಳಿಸಿಹೋಯಿತು. ಅರ್ಥವುಳ್ಳ ವಾಕ್ಯವನ್ನು ಒಮ್ಮೆ ಕೇಳಿ ಒಪ್ಪಿಸುವವನು ಅರ್ಥವಿಲ್ಲದ ಅಕ್ಷರರಾಶಿಯನ್ನು ಒಪ್ಪಿಸಲಾರದಿರುವಂತೆಯೇ ಇದು. ನಮ್ಮ ಅಷ್ಟಾವಧಾನಿಗಳು ಪದ್ಯವನ್ನು ಪೂರಣ ಮಾಡುತ್ತ, ಘಂಟೆಯ ಪೆಟ್ಟುಗಳನ್ನು ಎಣಿಸುತ್ತ, ಒಂದು ಅಂಗವಾಗಿ ಚದುರಂಗವನ್ನೂ ಆಡುತ್ತಿದ್ದ ಸಂಪ್ರದಾಯವುಂಟು. ಅಲ್ಲಿ ಚಿತ್ರವನ್ನು ಕಾಣುತ್ತ ಕುಳಿತಿರಲು ಅವಕಾಶವೆಲ್ಲಿ?

ಇನ್ನು ಬಾಲಕನ ಕಥೆ. ಪ್ರೌಢಶಾಲೆಯಲ್ಲಿ ಓದುತ್ತಿದ್ದ ಈ ಹುಡುಗನು ಒಂದು ವರ್ಷ ಸಂಜೆಯ ಹೊತ್ತು ನನ್ನ ಮನೆಗೆ ಬಂದು ಮೇಲ್ಕಂಡ ಕಾಗುಣಿತವನ್ನು ಸಾಧಿಸಿದನು. ಅರವತ್ತನಾಲ್ಕು ಮನೆಗಳ ಕುದುರೆನಡೆಯನ್ನು ಅನುಲೋಮವಾಗಿಯೂ ವಿಲೋಮವಾಗಿಯೂ ಹೇಳುತ್ತಿದ್ದನು. ನಾನು ಹೆಮ್ಮೆಯಿಂದ ಅವನನ್ನು ಒಂದು ಸ್ಪರ್ಧೆಗೆ ಕರೆದುಕೊಂಡು ಹೋದೆನು. ಅವನ ತಂದೆಯು ಒಂದು ದಿನದ ಕೂಲಿಯನ್ನು ಬಿಟ್ಟು ಜೊತೆಗೆ ಬಂದಿದ್ದನು.

ನಿರ್ಣಾಯಕವಾದ ಆಟದಲ್ಲಿ ಹುಡುಗನು ಬಿಳಿಯ ಕಾಯಿಗಳನ್ನು ಆಡುತ್ತಿದ್ದನು. ಅವನ ರಾಜನು ‘ಪ’ದಲ್ಲಿ, ರಾಜನ ಮುಂದೆ ಪಾ, ದಾ, ಬಾ ಮನೆಗಳಲ್ಲಿ ಕದಲದ ಮೂರು ಕಾಲಾಳುಗಳು. ಅವನ ಆನೆ ‘ತ’ದಲ್ಲಿ; ಎದುರಾಳಿಯ ಆನೆ ಅದೇ ನಿಲುಸಾಲಿನ ತುದಿಯಾದ ‘ತೇ’ಯಲ್ಲಿ. ಇವೆರಡರ ನಡುವೆ ‘ತು’ವಿನಲ್ಲಿ ನಿಂತಿದ್ದ ಅವನ ಕುದುರೆಯೊಂದೇ ತೆರೆಯಂತೆ ಅಡ್ಡವಾಗಿತ್ತು. ಹುಡುಗನು ನಾಲ್ಕು ನಡೆಗಳನ್ನು ಮುಂಗಂಡನು: ಮೊದಲು ಕಾಲಾಳುಗಳ ವಿನಿಮಯ; ಬಳಿಕ ಕುದುರೆಯು ‘ಚೂ’ದಲ್ಲಿದ್ದ ಒಂಟೆಯನ್ನು ಕಡಿಯುವುದು; ಎದುರಾಳಿಯ ಕಾಲಾಳು ಕುದುರೆಯನ್ನು ಕಡಿಯುವುದು; ಆ ಮೇಲೆ ದುರ್ಬಲವಾದ ಆ ಕಾಲಾಳಿನ ಮೇಲೆ ತನ್ನ ದಾಳಿ. ಎಲ್ಲವೂ ಅಂದುಕೊಂಡಂತೆಯೇ ನಡೆದು ಕುದುರೆಯು ಒಂಟೆಯನ್ನು ಕಡಿಯಿತು. ಎದುರಾಳಿಯು ಕಾಲಾಳನ್ನು ಮುಟ್ಟಲೇ ಇಲ್ಲ. ಅವನ ಆನೆಯು ‘ತೇ’ಯಿಂದ ನೇರವಾಗಿ ಇಳಿದು ‘ತ’ದ ಆನೆಯನ್ನು ಕಡಿದು ರಾಜನನ್ನು ಕಟ್ಟಿಹಾಕಿತು. ರಾಜನಿಗೆ ಏಳಲು ತನ್ನ ಕಾಲಾಳುಗಳೇ ಅಡ್ಡಿ. ಆಟ ಮುಗಿಯಿತು.

ಹೊರಗೆ ಬಂದು ಕೇಳಿದಾಗ ಹುಡುಗನು ನಾಲ್ಕು ನಡೆಗಳನ್ನೂ ಒಂದಕ್ಷರವೂ ತಪ್ಪದೆ ಒಪ್ಪಿಸಿದನು. “ನಾ ಎಣಿಸೋದು ತಪ್ಪಿಲ್ರೀ ಗುರುಗಳ, ನನ್ನ ಲೆಕ್ಕದಾಗ ಕುದುರಿ ಅಲ್ಲೇ ಇತ್ರೀ” ಎಂದನು. ಬಸ್ಸಿನಲ್ಲಿ ಹಿಂದಿರುಗುವಾಗ ಅವನ ತಂದೆ ಏನೂ ಅನ್ನಲಿಲ್ಲ. ಹುಡುಗನ ಮಾತು ಮಾತ್ರ ನನ್ನನ್ನು ಅನೇಕ ದಿನ ಕಾಡಿತು. ಅವನು ಸತ್ಯವನ್ನೇ ಹೇಳಿದ್ದನು. ‘ಚೂ’ವಿಗೆ ಹೋದ ಕುದುರೆಯು ಅವನ ಮನಸ್ಸಿನಲ್ಲಿ ‘ತು’ವಿನಲ್ಲಿಯೂ ನಿಂತಿತ್ತು.

ನಮ್ಮ ವ್ಯಾಕರಣದಲ್ಲಿ ಆದೇಶವು ಸ್ಥಾನಿಯಂತೆಯೇ ವರ್ತಿಸುವುದೆಂಬ ನಿಯಮವುಂಟು, ಇದನ್ನು ಸ್ಥಾನಿವದ್ಭಾವವೆನ್ನುವರು. ಹೋದುದರ ಧರ್ಮವು ಬಂದುದರಲ್ಲಿ ಉಳಿದಿರುವಂತೆ ಎಣಿಸುವುದು ಶಬ್ದಶಾಸ್ತ್ರದಲ್ಲಿ ಉಪಕಾರಿ. ಚತುರಂಗದಲ್ಲಿ ಅದೇ ಮೃತ್ಯು. ಇಲ್ಲಿ ಬೇಕಾದುದು ಪಾಣಿನಿಯು ಅದರ್ಶನವೆಂದು ಅರ್ಥಮಾಡಿದ ಲೋಪ. ಮನೆಯು ಬರಿದಾಯಿತು, ಅಲ್ಲಿ ಇನ್ನೇನೂ ಕಾಣಕೂಡದು. ನಾನು ಹುಡುಗನಿಗೆ ಕಲಿಸಿದುದೆಲ್ಲ ಹಿಡಿದಿಟ್ಟುಕೊಳ್ಳುವ ವಿದ್ಯೆ. ಅಳಿಸುವ ವಿದ್ಯೆಯನ್ನು ಕಲಿಸಿರಲೇ ಇಲ್ಲ. ಪಾಠಶಾಲೆಯಲ್ಲಿ ಬೆಳೆದ ನನಗೆ ಅಳಿಸುವುದೂ ಒಂದು ವಿದ್ಯೆಯೆಂಬುದೇ ಹೊಳೆದಿರಲಿಲ್ಲ. ಕುದುರೆನಡೆಯ ಶ್ಲೋಕದಲ್ಲಿ ಅಕ್ಷರಗಳು ಕದಲುವುದಿಲ್ಲ, ಓದುವವನು ಮಾತ್ರ ಕದಲುವನು. ಆಟದಲ್ಲಿ ಅಕ್ಷರಗಳೇ ಕದಲುವುವು. ಕುರಿಗಾಹಿಯ ಮುಂದೆ ನನ್ನ ಶ್ಲೋಕಗಳು ನಿಷ್ಫಲವಾದುದೂ ಇದರಿಂದಲೇ. ರಷ್ಯದ ನಿಕೊಲಾಯ್ ಕ್ರೋಗಿಯಸ್ ಎಂಬ ಗ್ರ್ಯಾಂಡ್‌ಮಾಸ್ಟರನು ಚತುರಂಗದ ಮನಶ್ಶಾಸ್ತ್ರವನ್ನು ಕುರಿತು ಬರೆಯುವಾಗ, ಕಾಯಿಯ ಹಳೆಯ ಬಿಂಬವು ಹೊಸ ಸ್ಥಿತಿಯಲ್ಲಿಯೂ ಉಳಿಯುವ ಈ ಬಗೆಯ ತಪ್ಪನ್ನು ಪ್ರತ್ಯೇಕವಾಗಿ ಗುರುತಿಸಿ ಹೆಸರಿಟ್ಟಿರುವುದನ್ನು ನಾನು ಆಮೇಲೆ ಓದಿ ತಿಳಿದೆನು.

ಅಂದಿನಿಂದ ಕ್ರಮವನ್ನು ಬದಲಿಸಿದೆನು. ಮನಸ್ಸಿನಲ್ಲಿ ಒಂದು ನಡೆಯನ್ನು ಮಾಡಿದೊಡನೆ ಮೂರು ಮಾತುಗಳನ್ನು ಬಾಯಿಬಿಟ್ಟು ಹೇಳಬೇಕು: ಬಿಟ್ಟ ಮನೆ, ಸೇರಿದ ಮನೆ, ತೆರೆದ ದಾರಿ. ಮೇಲಿನ ಆಟದಲ್ಲಿ “ತು ಬರಿದು, ಚೂ ಕುದುರೆ, ತ-ತೇ ತೆರೆಯಿತು” ಎಂದು ಹೇಳಿದ್ದರೆ ಮೂರನೆಯ ಮಾತಿನಲ್ಲಿಯೇ ಅಪಾಯವು ಕೂಗಿಕೊಳ್ಳುತ್ತಿತ್ತು. ಬಿಟ್ಟ ಮನೆಯನ್ನೇ ಮೊದಲು ಹೇಳಬೇಕೆಂಬುದು ಮುಖ್ಯ; ಸೇರಿದ ಮನೆಯನ್ನು ಮೊದಲು ಹೇಳಿದರೆ ಮನಸ್ಸು ಅಲ್ಲಿಯೇ ರಮಿಸಿ ಹಿಂದಿರುಗಿ ನೋಡುವುದಿಲ್ಲ. ಮೊದಮೊದಲು ಇದು ಬಹಳ ನಿಧಾನ. ಎರಡು ಮೂರು ತಿಂಗಳ ಮೇಲೆ ಮಾತುಗಳು ತಾವಾಗಿಯೇ ಕುಗ್ಗಿ ಮೌನವಾಗುವುವು.

ಎರಡನೆಯ ಸಾಧನೆಯನ್ನು ವೇದಪಾಠದಿಂದ ತೆಗೆದುಕೊಂಡೆನು. ಘನಪಾಠದಲ್ಲಿ ಒಂದು ಎರಡು, ಎರಡು ಒಂದು, ಒಂದು ಎರಡು ಮೂರು, ಮೂರು ಎರಡು ಒಂದು, ಒಂದು ಎರಡು ಮೂರು ಎಂದು ಪದಗಳು ಮುಂದಕ್ಕೂ ಹಿಂದಕ್ಕೂ ಹೋಗಿಬರುವುವಷ್ಟೆ. ಮುಂಗಣನೆಯಲ್ಲಿ ಒಂದು ಕವಲನ್ನು ತುದಿಯವರೆಗೆ ನೋಡಿದ ಮೇಲೆ ಇನ್ನೊಂದು ಕವಲನ್ನು ನೋಡಲು ಬುಡಕ್ಕೆ ಹಿಂದಿರುಗಬೇಕು. ಬಹಳ ಜನ ತಪ್ಪುವುದು ಈ ಹಿಂದಿರುಗುವಿಕೆಯಲ್ಲಿ. ಮೊದಲನೆಯ ಕವಲಿನಲ್ಲಿ ಕಡಿದ ಕಾಯಿಯನ್ನು ಮತ್ತೆ ಹಲಗೆಯ ಮೇಲೆ ಇಡುವುದನ್ನು ಮರೆಯುವರು. ಆದುದರಿಂದ ಎರಡು ನಡೆ ಮುಂದೆ ಹೋಗಿ ಎರಡು ನಡೆ ಹಿಂದೆ ಬರುವುದು, ಮೂರು ಹೋಗಿ ಮೂರು ಬರುವುದು, ಹಿಂದೆ ಬರುವಾಗ ಕಡಿಯಲ್ಪಟ್ಟುದನ್ನು ಹೆಸರು ಹೇಳಿ ಮರಳಿ ಇಡುವುದು, ಹೀಗೆ ಅಭ್ಯಾಸ ಮಾಡಿಸಿದೆನು. ಹುಡುಗನಿಗೆ ಕುದುರೆನಡೆಯ ವಿಲೋಮಪಾಠವು ಪ್ರಯೋಜನಕ್ಕೆ ಬಂದುದು ಇಲ್ಲಿ.

ಈಗ ಒಂದು ನಿದರ್ಶನವನ್ನು ಕೊಡುವೆನು. ಇದು ರಿಚರ್ಡ್ ರೇಟಿ ಎಂಬಾತನು (1889–1929) 1921ರಲ್ಲಿ ಪ್ರಕಟಿಸಿದ ಪ್ರಸಿದ್ಧವಾದ ಸಮಸ್ಯೆ. ಈತನು 1925ರಲ್ಲಿ ಬ್ರೆಜಿಲಿನ ಸಾವೊ ಪಾವ್ಲೊ ನಗರದಲ್ಲಿ ಹಲಗೆಗಳನ್ನು ನೋಡದೆ ಏಕಕಾಲದಲ್ಲಿ ಇಪ್ಪತ್ತೊಂಬತ್ತು ಆಟಗಳನ್ನು ಆಡಿದವನು. ಸ್ಥಿತಿಯಲ್ಲಿರುವುದು ನಾಲ್ಕೇ ಕಾಯಿಗಳಾದುದರಿಂದ ಕಣ್ಣುಮುಚ್ಚಿ ಅಭ್ಯಸಿಸಲು ಅತ್ಯಂತ ಯೋಗ್ಯ. ಬಿಳಿಯ ರಾಜ ‘ಬೇ’, ಬಿಳಿಯ ಕಾಲಾಳು ‘ಚೂ’. ಕರಿಯ ರಾಜ ‘ಕೂ’, ಕರಿಯ ಕಾಲಾಳು ‘ಬು’. ನಡೆಯು ಬಿಳಿಯವನದು, ಅವನು ಸೋಲದೆ ಸಮಮಾಡಿಕೊಳ್ಳಬೇಕು.

ನೋಡಿದೊಡನೆ ಇದು ಅಸಾಧ್ಯವೆಂದೇ ತೋರುವುದು. ಕರಿಯ ಕಾಲಾಳು ಬೀ, ಬಿ, ಬಾ, ಬ ಎಂದು ನಾಲ್ಕೇ ಹೆಜ್ಜೆಗಳಲ್ಲಿ ಮಂತ್ರಿಯಾಗುವುದು. ರಾಜನು ಬೆ, ಬೂ ಎಂದು ಬೆನ್ನಟ್ಟಿದರೆ ಎರಡು ನಡೆ ಹಿಂದೆಯೇ ಉಳಿಯುವನು. ತನ್ನ ಕಾಲಾಳನ್ನು ‘ಚೆ’ಗೆ ನೂಕಿದರೆ ಕರಿಯ ರಾಜನು ‘ಗೆ’ಗೆ ಬಂದು ಅದನ್ನು ತೆಗೆಯುವನು. ಆದರೆ ರಾಜನು ನೇರವಾಗಿ ಇಳಿಯದೆ ನಾವು ಮೇಲೆ ಪಠಿಸಿದ ಕರಿಯ ಮಹಾಕರ್ಣದಲ್ಲಿ ವಿಲೋಮವಾಗಿ ಇಳಿಯಲಿ: ಬೇ, ಪೆ, ದೂ, ತು. ನೇರವಾಗಿ ಇಳಿದರೂ ಓರೆಯಾಗಿ ಇಳಿದರೂ ರಾಜನಿಗೆ ಐದನೆಯ ಅಡ್ಡಸಾಲನ್ನು ಮುಟ್ಟಲು ಮೂರೇ ನಡೆ. ಕಣ್ಣಿಗೆ ಕರ್ಣವು ಉದ್ದವಾಗಿ ತೋರುವುದು. ಎಣಿಕೆಯಲ್ಲಿ ಅದು ಉದ್ದವಲ್ಲ. ಕಣ್ಣನ್ನು ನಂಬುವವನು ಸೋಲುವ ಸ್ಥಳವಿದು.

ರಾಜ ‘ಪೆ’, ಕಾಲಾಳು ‘ಬೀ’. ರಾಜ ‘ದೂ’, ಇಲ್ಲಿ ಕರಿಯವನಿಗೆ ಎರಡು ಕವಲುಗಳು. ಮೊದಲನೆಯದು: ಅವನು ಕಾಲಾಳನ್ನು ‘ಬಿ’ಗೆ ನೂಕಿದರೆ, ರಾಜನು ‘ತೆ’ಗೆ ಹೋಗುವನು, ಕಾಲಾಳು ‘ಬಾ’, ಬಿಳಿಯ ಕಾಲಾಳು ‘ಚೆ’, ಕರಿಯ ರಾಜ ‘ಗೆ’, ಬಿಳಿಯ ರಾಜ ‘ಜೆ’.  ಇನ್ನು ಕರಿಯವನು ‘ಬ’ದಲ್ಲಿ ಮಂತ್ರಿಯನ್ನು ಪಡೆದರೆ ಬಿಳಿಯವನು ‘ಚೇ’ಯಲ್ಲಿ ಪಡೆಯುವನು; ಸಮವಾಯಿತು. ಇನ್ನು ಬುಡಕ್ಕೆ ಹಿಂದಿರುಗಿ. ಬಿಳಿಯ ರಾಜನು ‘ದೂ’ವಿನಲ್ಲಿ, ಕರಿಯ ಕಾಲಾಳು ‘ಬೀ’ಯಲ್ಲಿ, ಬಿಳಿಯ ಕಾಲಾಳು ‘ಚೂ’ವಿನಲ್ಲಿ, ಕರಿಯ ರಾಜನು ‘ಕೂ’ವಿನಲ್ಲಿ ಇರುವರೆಂದು ಬಾಯಿಬಿಟ್ಟು ಹೇಳಿದ ಹೊರತು ಎರಡನೆಯ ಕವಲಿಗೆ ಕಾಲಿಡಕೂಡದು. ಅಲ್ಲಿ ಕರಿಯ ರಾಜನು ‘ಗೂ’ಗೆ ಬಂದು ಕಾಲಾಳನ್ನು ಕಡಿಯುವೆನೆನ್ನುವನು. ಬಿಳಿಯ ರಾಜನು ‘ತು’ವಿಗೆ ಇಳಿಯುವನು. ಕರಿಯವನು ‘ಚೂ’ವನ್ನು ಕಡಿದರೆ ರಾಜನು ‘ದೀ’. ಕಾಲಾಳು ‘ಬಿ’ಗೆ ಓಡಿದರೆ ರಾಜನು ‘ಪಿ’ಗೆ ಬಂದು ಅದನ್ನು ಹಿಡಿಯುವನು. ಕಡಿಯದೆ ‘ಬಿ’ಗೆ ನೂಕಿದರೆ ರಾಜನು ‘ಜೂ’ವಿಗೆ ತಿರುಗಿ ತನ್ನ ಕಾಲಾಳನ್ನು ಕಾಯುವನು, ಕಾಲಾಳು ‘ಬಾ’, ಬಿಳಿಯ ಕಾಲಾಳು ‘ಚೆ’, ಮುಂದೆ ಇಬ್ಬರಿಗೂ ಮಂತ್ರಿ. ‘ತು’ವಿನಲ್ಲಿ ನಿಂತ ರಾಜನು ಒಂದೇ ನಡೆಯಲ್ಲಿ ಎರಡು ಕಾರ್ಯಗಳನ್ನು ಮಾಡುವನೆಂಬುದೇ ಇದರ ರಹಸ್ಯ. ನಮ್ಮ ಆಲಂಕಾರಿಕರು ಇದನ್ನು ಕಂಡಿದ್ದರೆ ಶ್ಲೇಷವೆಂದು ಕರೆಯುತ್ತಿದ್ದರೋ ಏನೋ.

ಕವಲುಗಳ ವಿಷಯದಲ್ಲಿ ಅಲೆಕ್ಸಾಂಡರ್ ಕೋಟೋವನ ಮತವು ಪ್ರಸಿದ್ಧವಾಗಿದೆ. ಮೊದಲು ಯೋಗ್ಯವಾದ ನಡೆಗಳನ್ನೆಲ್ಲ ಪಟ್ಟಿಮಾಡಿಕೊಂಡು, ಪ್ರತಿಯೊಂದು ಕವಲನ್ನೂ ಒಂದೊಂದೇ ಸಲ ನೋಡತಕ್ಕುದು, ಮರಳಿ ನೋಡಕೂಡದು, ಎಂದು ಅವನು ವಿಧಿಸಿದನು. ಅವನ ಗ್ರಂಥವು 1971ರಲ್ಲಿ ಇಂಗ್ಲಿಷಿಗೆ ಬಂದಿತು. ಪಟ್ಟಿಮಾಡಿಕೊಳ್ಳಬೇಕೆಂಬ ಪೂರ್ವಾರ್ಧವು ಶಿರಸಾವಹಿಸತಕ್ಕುದು. ಉತ್ತರಾರ್ಧವು ನನಗೆ ಒಪ್ಪಿಗೆಯಾಗುವುದಿಲ್ಲ. ಮೇಲಿನ ಸಮಸ್ಯೆಯಲ್ಲಿಯೇ ಎರಡನೆಯ ಕವಲಿನಲ್ಲಿ ಕಂಡುದು ಮೊದಲನೆಯದಕ್ಕೂ ಬೆಳಕನ್ನು ಕೊಡುವುದು. ವ್ಯಾಖ್ಯಾನವನ್ನು ಓದಿದ ಮೇಲೆ ಮೂಲವನ್ನು ಮತ್ತೆ ಓದಬಾರದೆಂದು ಯಾವ ಗುರುವೂ ಹೇಳನು. ಹಾಲೆಂಡಿನ ಡಿ ಗ್ರೂಟ್ ಎಂಬಾತನು 1946ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿಯೂ ನಿಪುಣರು ಒಂದೇ ನಡೆಗೆ ಮತ್ತೆ ಮತ್ತೆ ಹಿಂದಿರುಗಿ, ಪ್ರತಿ ಸಲವೂ ಇನ್ನಷ್ಟು ಆಳಕ್ಕೆ ಹೋಗುವುದು ಕಂಡುಬಂದಿದೆ. ಅದೇ ಸಂಶೋಧನೆಯಲ್ಲಿ ಅತ್ಯುತ್ತಮರು ಎಣಿಸುವ ನಡೆಗಳ ಆಳವು ಒಳ್ಳೆಯ ಸಾಮಾನ್ಯ ಆಟಗಾರರಿಗಿಂತ ಬಹಳ ಹೆಚ್ಚೇನೂ ಇರಲಿಲ್ಲವೆಂಬುದನ್ನು, ಹತ್ತು ನಡೆಗಳ ದಿವ್ಯದೃಷ್ಟಿಯನ್ನು ನಂಬುವವರು ಗಮನಿಸಬೇಕು.

ದಿನಚರಿಯ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ಬೆಳಗ್ಗೆ ಹತ್ತು ನಿಮಿಷ ಮನೆಗಳ ಬಣ್ಣ ಮತ್ತು ಕುದುರೆಯ ದಾರಿಗಳು. ಸಂಜೆ ನಾಲ್ಕೈದು ಕಾಯಿಗಳ ಒಂದು ಸ್ಥಿತಿಯನ್ನು ಕೇಳಿಕೊಂಡು, ಹಲಗೆಗೆ ಬೆನ್ನುಮಾಡಿ, ಮೂರು ಮಾತುಗಳ ವಿಧಿಯಿಂದ ಬಿಡಿಸುವುದು. ಬಿಡಿಸಿದ ಮೇಲೆ ಹಲಗೆಯ ಮೇಲೆ ಇಟ್ಟು ನೋಡಿ, ತಪ್ಪಿದ್ದರೆ ಯಾವ ಮಾತಿನಲ್ಲಿ ತಪ್ಪಿತೆಂದು ಬರೆದಿಡಬೇಕು. ದೀರ್ಘವಾದ ಸಾಲಿನಲ್ಲಿ ನಡುವೆ ಒಂದೆಡೆ ನಿಂತು, ಎಲ್ಲ ಕಾಯಿಗಳ ಮನೆಗಳನ್ನೂ ಹೊಸದಾಗಿ ಹೇಳಿಕೊಂಡು, ಅದನ್ನೇ ಮೊದಲ ಸ್ಥಿತಿಯೆಂದು ಭಾವಿಸಿ ಮುಂದುವರಿಯತಕ್ಕುದು. ಆಡುವ ಆಟದಲ್ಲಿ ಮಾತ್ರ ತುಟಿಯನ್ನು ಅಲುಗಿಸಬಾರದು. ನಮ್ಮ ಹುಡುಗನಿಗೆ ಇದಕ್ಕಾಗಿ ಒಮ್ಮೆ ಎಚ್ಚರಿಕೆಯಾಯಿತು.

ಆ ಹುಡುಗನ ಲೆಕ್ಕದ ಪುಸ್ತಕವು ಈಗ ನನ್ನ ಮುಂದಿದೆ. ಆರಂಭದ ಪುಟಗಳಲ್ಲಿ ತಪ್ಪುಗಳೆಲ್ಲ ಮೊದಲನೆಯ ಮಾತಿನವು, ಅಂದರೆ ಬಿಟ್ಟ ಮನೆಯನ್ನು ಅಳಿಸದಿದ್ದುವು. ಈಚಿನ ಪುಟಗಳಲ್ಲಿ ಅವು ಬಹಳ ವಿರಳ. ಈಗ ಉಳಿದಿರುವುದು ಮೂರನೆಯ ಮಾತಿನ ತಪ್ಪು, ಅದರಲ್ಲಿಯೂ ಒಂಟೆಯ ದಾರಿ ತೆರೆದುದನ್ನು ಕಾಣದಿರುವುದು. ನೇರವಾದ ದಾರಿಯು ಅವನಿಗೆ ತಪ್ಪುವುದಿಲ್ಲ, ಓರೆಯಾದುದು ತಪ್ಪುವುದು. ಎರಡು ಮಹಾಕರ್ಣಗಳನ್ನು ಮಾತ್ರ ಕಲಿಸಿ ಉಳಿದ ಸಣ್ಣ ಕರ್ಣಗಳನ್ನು ನಾನು ಉಪೇಕ್ಷಿಸಿದುದೇ ಇದಕ್ಕೆ ಕಾರಣವೆಂದು ತೋರುವುದು. ಎರಡು ಮನೆಗಿಂತ ಕಡಿಮೆಯಿಲ್ಲದ ಕರ್ಣಗಳು ಒಟ್ಟು ಇಪ್ಪತ್ತಾರು. ಇವುಗಳಲ್ಲಿ ಹದಿನಾಲ್ಕನ್ನು ಈ ಮಳೆಗಾಲದಲ್ಲಿ ಪಾಠಮಾಡಿಸಿರುವೆನು, ಉಳಿದ ಹನ್ನೆರಡು ಬಾಕಿ ಇವೆ.